ನೂರ ಎಂಬತ್ತಮೂರನೆಯ ಮಣಿ

ವಿಶ್ವವಿದ್ಯಾಲಯದಿಂದ ಕಾಗದ ಬಂದ ದಿನ ಸೋಪು ಕಾರ್ಖಾನೆಯ ಮೂಸುವ ಕೋಣೆಯಲ್ಲಿ ಐದು ಜನ ಕೂತಿದ್ದರು. ಐವರ ಹೆಸರಿನ ಮುಂದೆಯೂ ಒಂದೇ ಮಾತು ಬರೆದಿತ್ತು: ಇಲ್ಲ.

"ಏನಿಲ್ಲ?" ಎಂದು ತಕ್ಕಡಿಯಮ್ಮ ಕೇಳಿದಳು. ಆ ಕೋಣೆಯ ಯಜಮಾನಿಕೆ ಇಪ್ಪತ್ತೆರಡು ವರ್ಷದಿಂದ ಅವಳದು.

ಲ್ಯಾಬಿಗೆ ಹೊಸದಾಗಿ ಸೇರಿದ್ದ ಕೆಮಿಸ್ಟ್ ಹುಡುಗಿ ಕಾಗದವನ್ನು ತಿರುಗಿಸಿ ನೋಡಿದಳು, ಹಿಂದೆ ಏನಾದರೂ ಸಮಾಧಾನದ ಮಾತಿದೆಯೇನೋ ಎಂಬಂತೆ. ಇರಲಿಲ್ಲ.

"ಒಂದು ಪ್ರೋಟೀನ್ ಅಮ್ಮ. ಮೂಗಿನ ಒಳಗೆ, ಮೇಲ್ಗಡೆ ಇರುತ್ತೆ. ವಾಸನೆ ಹಿಡಿಯೋದು ಅದೇ. ಅಂಥವು ಹತ್ತಿರ ಹತ್ತಿರ ನಾನ್ನೂರು ಥರ ಇವೆ. ಅದರಲ್ಲಿ ಒಂದು ನಿಮಗೆ ಸರಿಯಾಗಿ ಕೆಲಸ ಮಾಡಲ್ಲ."

"ನನಗಾ?"

"ಐದೂ ಜನಕ್ಕೆ."

ಸೀನಣ್ಣ ಸೀನಿದ. ಅವನ ನಿಜವಾದ ಹೆಸರು ಬೇರೆ. ಮೂಸುವ ಕೆಲಸದವನಾಗಿಯೂ ದಿನಕ್ಕೆ ಹತ್ತು ಸಲ ಸೀನುತ್ತಾನೆಂದು ಆ ಹೆಸರು ಅಂಟಿಕೊಂಡಿತ್ತು. "ನಾನ್ನೂರರಲ್ಲಿ ಒಂದು ತಾನೇ? ನನ್ನ ಬಾಯಲ್ಲಿ ಮೂವತ್ತೆರಡರಲ್ಲಿ ಆರು ಹಲ್ಲೇ ಇಲ್ಲ. ಊಟ ಬಿಟ್ಟಿದೀನಾ?" ಎಂದ.

ಎಲ್ಲರೂ ನಕ್ಕರು. ತಕ್ಕಡಿಯಮ್ಮನೂ ನಕ್ಕಳು, ಯಾಕೆಂದು ತಿಳಿಯದೆ.

ಎರಡು ತಿಂಗಳ ಹಿಂದೆ ಆ ವಿಶ್ವವಿದ್ಯಾಲಯದವರು ಬಂದು ಐವರ ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿಕೊಂಡು ಹೋಗಿದ್ದರು. ಮೂಗನ್ನೇ ನಂಬಿ ದುಡಿಯುವವರ ಜೀನುಗಳಲ್ಲಿ ಏನು ವಿಶೇಷ ಎಂದು ನೋಡುವ ಅಧ್ಯಯನವಂತೆ. ಮೂಗಿನ ವಿಷಯ ಕೇಳಲು ಬಂದವರು ಬಾಯಿಗೆ ಕೈ ಹಾಕುತ್ತಾರಲ್ಲ ಎಂದು ಆಗಲೂ ಎಲ್ಲರೂ ನಕ್ಕಿದ್ದರು.

"ಈ ಪ್ರೋಟೀನನ್ನ ಮಣಿಸರ ಅಂದ್ಕೊಳಿ," ಕೆಮಿಸ್ಟ್ ಮೂಸುವ ಕಾಗದದ ಪಟ್ಟಿಯೊಂದರ ಮೇಲೆ ಪೆನ್ನಿನಿಂದ ಸಾಲಾಗಿ ಚುಕ್ಕಿ ಇಟ್ಟಳು. "ಮುನ್ನೂರು ಚಿಲ್ಲರೆ ಮಣಿ. ಯಾವುದಾದ ಮೇಲೆ ಯಾವುದು ಪೋಣಿಸಬೇಕು ಅಂತ ಬರೆದಿಟ್ಟ ಚೀಟಿ ಅಂದ್ರೆ ಜೀನು. ಆ ಚೀಟಿಯಲ್ಲಿ ಒಂದೇ ಒಂದು ಅಕ್ಷರ ಬೇರೆ ಇದ್ರೆ ನೂರ ಎಂಬತ್ತಮೂರನೇ ಜಾಗಕ್ಕೆ ಬೇರೆ ಮಣಿ ಬರುತ್ತೆ. ಅಷ್ಟಕ್ಕೇ ಸರ ತನ್ನ ಕೆಲಸ ಮರೆಯುತ್ತೆ. ಈ ಜೀನಿನ ಹೆಸರು ಓಆರ್ ಐದು ಎ ಒಂದು."

"ಬಸ್ಸಿನ ನಂಬರ್ ಇದ್ದಂಗಿದೆ," ಎಂದ ಸೀನಣ್ಣ.

"ಇದು ಹಿಡಿಯೋದು ಮುಖ್ಯವಾಗಿ ಅಯೋನೋನ್ ಅನ್ನೋ ಪರಿಮಳದ ಎಣ್ಣೆನ. ನಮ್ಮ ಏಳನೇ ಕ್ಯಾನು."

ತಕ್ಕಡಿಯಮ್ಮನಿಗೆ ಮೈ ಹಗುರಾಯಿತು. ಸದ್ಯ, ತಪ್ಪು ಅವರದೇ. "ಏಳನೇ ಕ್ಯಾನು ನನಗೆ ಚೆನ್ನಾಗಿ ಬರುತ್ತೆ ಕಣಮ್ಮ. ಹುಳಿ. ಪಕ್ಕದ ಕೋಣೇಲಿ ಯಾರೋ ವಿನಿಗರ್ ಮುಚ್ಚಳ ತೆಗೆದಂಗೆ, ಸಣ್ಣಗೆ. ಏನ್ರಪ್ಪಾ?"

ನಾಲ್ಕು ತಲೆಗಳೂ ಆಡಿದವು. ಹುಳಿ. ಸಣ್ಣ ಹುಳಿ.

ಕೆಮಿಸ್ಟ್ ಐವರ ಮುಖವನ್ನೂ ಒಂದೊಂದಾಗಿ ನೋಡಿದಳು. ತಮಾಷೆ ಮಾಡುತ್ತಿದ್ದಾರೋ ಎಂದು ಅವಳಿಗೆ ಅನುಮಾನ.

"ಹುಳಿ ಅಲ್ಲ ಅಮ್ಮ. ಹೂವು. ಮೂಗು ತುಂಬ ಹೂವು. ಆ ಕ್ಯಾನು ತೆಗೆದ್ರೆ ನನಗೆ ಆ ಕಡೆಯ ಕಾರಿಡಾರಿನಲ್ಲೇ ಗೊತ್ತಾಗುತ್ತೆ."

ಬಿಳಿ ಟೈಲ್ಸಿನ ಗೋಡೆ, ಗಾಳಿಯನ್ನು ಹೊರಕ್ಕೆಳೆಯುವ ಫ್ಯಾನು, ಐದು ಕುರ್ಚಿ, ನಡುವೆ ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಪ್ಲೈವುಡ್ಡಿನ ಅಡ್ಡಗೋಡೆ. ತಲೆಗೆ ಎಣ್ಣೆ ಹಚ್ಚಿ, ಈರುಳ್ಳಿ ತಿಂದು ಯಾರೂ ಒಳಗೆ ಬರುವಂತಿಲ್ಲ. ಲೋಕದಲ್ಲಿ ಅತಿ ಶುದ್ಧವಾಗಿ ಮೂಸುವ ಜಾಗ ಇದು ಎಂದು ತಕ್ಕಡಿಯಮ್ಮ ನಂಬಿದ್ದಳು. ಆ ಜಾಗದಲ್ಲಿ ಹೂವೊಂದು ಇಪ್ಪತ್ತೆರಡು ವರ್ಷ ಕಾಲುಚಾಚಿ ಕೂತಿತ್ತಂತೆ, ಅವಳಿಗೇ ಸುಳಿವಿರಲಿಲ್ಲವಂತೆ.

ತಕ್ಕಡಿಯಮ್ಮ ಎಂಬುದು ಕಾರ್ಖಾನೆ ಕೊಟ್ಟ ಬಿರುದು. ಏಳು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು ಇದೇ ಕೋಣೆಯ ಕೆಲಸಕ್ಕೆ ಪರೀಕ್ಷೆಗೆ ಕೂತಳು. ತಾಯಿಯೇ ಪರೀಕ್ಷೆ ಮಾಡಿ ತಾಯಿಯೇ ಫೇಲ್ ಮಾಡಿದಳು. ಹೆತ್ತ ಮಗಳಾದರೂ ತಕ್ಕಡಿ ವಾಲಲಿಲ್ಲ ಎಂದು ಮಷಿನ್ ವಿಭಾಗದವರೆಲ್ಲ ಹೊಗಳಿದರು. ಮಗಳು ಆರು ತಿಂಗಳು ಮಾತು ಬಿಟ್ಟಳು. ಈಗ ಅವಳು ಬಸ್ ನಿಲ್ದಾಣದ ಕಿಟಕಿಯಲ್ಲಿ ಟಿಕೆಟ್ ಕೊಡುತ್ತಾಳೆ. ಮದುವೆಯಾಗಿ ಬೇರೆ ಮನೆ. ತಿಂಗಳಿಗೊಮ್ಮೆ ಬಂದು ಅಪ್ಪನ ಹತ್ತಿರ ಮಾತಾಡಿ, ಅಮ್ಮ ಕೊಟ್ಟ ಚಹಾ ಕುಡಿದು ಹೋಗುತ್ತಾಳೆ.

ಮಗಳನ್ನು ಕಳೆದುಕೊಂಡರೂ ನ್ಯಾಯ ಕಳೆದುಕೊಳ್ಳಲಿಲ್ಲ ಎಂಬುದೊಂದೇ ತಕ್ಕಡಿಯಮ್ಮನ ಬಳಿ ಇದ್ದ ಆಸ್ತಿ.

ಮಾರನೆಯ ದಿನ ಬೆಳಿಗ್ಗೆ ಕೆಮಿಸ್ಟ್ ಅದಕ್ಕೂ ಕೈ ಹಾಕಿದಳು. ಬಗಲಲ್ಲಿ ಪರೀಕ್ಷೆಯ ಹಳೆಯ ರಿಜಿಸ್ಟರು.

"ಅಮ್ಮ, ಶನಿವಾರ ತಾಯಿಬಾಟಲಿ ಸೀಲ್ ಮಾಡ್ತೀರಲ್ಲ. ಅದಕ್ಕಿಂತ ಮುಂಚೆ ಒಂದು ಮಾತು."

ತಾಯಿಬಾಟಲಿ ಎಂದರೆ ಸೋಪಿನ ಪರಿಮಳದ ಮಾದರಿ. ಇಡೀ ವರ್ಷ ಮಿಕ್ಸಿಂಗಿನವರು ಬೆರೆಸಿದ್ದನ್ನೆಲ್ಲ ಇದರ ಪಕ್ಕಕ್ಕಿಟ್ಟು ಮೂಸಿ, ಒಂದೇ ಥರ ಇದ್ದರೆ ಮಾತ್ರ ಸೋಪಿಗೆ ಹಾಕುತ್ತಾರೆ. ವರ್ಷಕ್ಕೊಮ್ಮೆ ಹಳೆಯ ಬಾಟಲಿಗೆ ಸರಿಹೊಂದುವಂತೆ ಹೊಸದನ್ನು ಬೆರೆಸಿ, ತಕ್ಕಡಿಯಮ್ಮ 'ಸರಿ' ಎಂದರೆ ಅರಗಿನ ಮುದ್ರೆ ಬೀಳುತ್ತದೆ. ಯಂತ್ರ ತರಿಸೋಣ ಎಂದು ಮ್ಯಾನೇಜರು ಎರಡು ಸಲ ಹೊರಟು, ಈ ಮೂಗು ಇರುವಾಗ ಯಂತ್ರ ಯಾಕೆ ಎಂದು ಎರಡು ಸಲವೂ ಕೈಬಿಟ್ಟಿದ್ದ.

"ಮೊದಲ ವರ್ಷದ ಸೂತ್ರದ ಕಾಗದ ಸಿಕ್ಕಿತು," ಎಂದಳು ಕೆಮಿಸ್ಟ್. "ಅವತ್ತು ಏಳನೇ ಕ್ಯಾನಿಂದು ಒಂದು ಚಮಚ ಹಾಕ್ತಿದ್ರೆ ಇವತ್ತು ಒಂಬತ್ತು ಹಾಕ್ತಿದೀವಿ."

"ಯಾರು ಹಾಕಿದ್ದು?"

"ಯಾರೂ ಬೇಕಂತ ಹಾಕಿಲ್ಲ. ತೆಗೆದು ಮುಚ್ಚಿ ಮಾಡೋ ಬಾಟಲಿ. ವರ್ಷ ಆಗೋಷ್ಟರಲ್ಲಿ ಹಗುರದ ಎಣ್ಣೆ ಹಾರಿಹೋಗುತ್ತೆ, ಏಳನೇದು ಭಾರ, ಉಳಿಯುತ್ತೆ. ನೀವು ಹೊಸದನ್ನ ಅದಕ್ಕೆ ಹೊಂದಿಸ್ತೀರ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಕೆಲಸ ಮಾಡೋ ಮೂಗಿಗೆ ಅದು ಮೊದಲನೇ ವರ್ಷವೇ ಗೊತ್ತಾಗ್ತಿತ್ತು. ನಿಮಗೆ..." ಅವಳು ನಿಲ್ಲಿಸಿದಳು.

"ಹೇಳಮ್ಮ. ಬಾಯಿಗೆ ಬಂದದ್ದನ್ನ ನುಂಗಬಾರದು."

"ನಿಮಗೆ ಆ ಹುಳಿ ಬರೋವರೆಗೂ ಸುರಿಸ್ತಿದ್ರಿ."

ತಕ್ಕಡಿಯಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಲೆಯೊಳಗೆ ಯಾರೋ ಮೇಜು ಕುರ್ಚಿ ಎಳೆದಾಡಿದಂತೆ ಸದ್ದು ಮಾತ್ರ. "ನಾನೊಬ್ಬಳೇ ಅಲ್ಲವಲ್ಲ. ಐದು ಜನ ಇದ್ವಿ. ಐದೂ ಜನಕ್ಕೆ ಒಂದೇ ರೋಗ ಹೇಗೆ ಬರುತ್ತೆ? ನೀರಿನಿಂದ ಬಂತಾ?"

ಕೆಮಿಸ್ಟ್ ರಿಜಿಸ್ಟರು ತೆರೆದು ಅವಳ ಮುಂದಿಟ್ಟಳು. "ನೀರಿನಿಂದಲ್ಲ ಅಮ್ಮ. ಇದರಿಂದ."

ಪರೀಕ್ಷೆಯ ಕ್ರಮ ತಕ್ಕಡಿಯಮ್ಮನೇ ಮಾಡಿದ್ದು. ಪ್ರತಿ ಸುತ್ತಿಗೆ ಮೂರು ಕಾಗದದ ಪಟ್ಟಿ. ಎರಡು ಒಂದೇ ವಾಸನೆಯವು, ಒಂದು ಬೇರೆ. ಬೇರೆಯದನ್ನು ಹುಡುಕಬೇಕು. ಒಂಬತ್ತು ಸುತ್ತು. ಅದರಲ್ಲಿ ಮೂರು ಸುತ್ತು ಮಾತ್ರ ಬಲೆ: ಎರಡು ಪಟ್ಟಿ ತಾಯಿಬಾಟಲಿಯದು, ಒಂದು ಅದಕ್ಕೆ ಹೊಂದಿದೆಯೆಂದು ಅವಳೇ ಪಾಸು ಮಾಡಿದ ಮಾಲಿನದು. ಅಂದರೆ ಮೂರೂ ಒಂದೇ. ಒಳ್ಳೆಯ ಮೂಗು 'ಮೂರೂ ಒಂದೇ' ಎಂದು ಬರೆಯಬೇಕು. ಒಂದನ್ನು ಆರಿಸಿದವರು ಇಲ್ಲದ್ದನ್ನು ಕಲ್ಪಿಸಿಕೊಳ್ಳುವವರು. ಅಂಥವರು ಈ ಕೋಣೆಗೆ ಬೇಡ. ಈ ಬಲೆ ಹೊಳೆದ ದಿನ ಅವಳಿಗೆ ತನ್ನ ಬುದ್ಧಿಯ ಬಗ್ಗೆಯೇ ಮೆಚ್ಚಿಗೆಯಾಗಿತ್ತು.

"ಹನ್ನೊಂದು ಜನರನ್ನ ಬಲೆ ಸುತ್ತಲ್ಲಿ ಫೇಲ್ ಮಾಡಿದೀರ. ಮೂರೂ ಸುತ್ತಲ್ಲಿ ಅವರು ಯಾವ ಪಟ್ಟಿ ಆರಿಸಿದಾರೆ ನೋಡಿ."

ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಹನ್ನೊಂದೂ ಜನ ಮೂರೂ ಸಲ ಅವಳು ಪಾಸು ಮಾಡಿದ ಮಾಲಿನ ಪಟ್ಟಿಯನ್ನೇ ಆರಿಸಿದ್ದರು.

"ಸುಳ್ಳು ಹೇಳೋರು ಇಷ್ಟು ಒಗ್ಗಟ್ಟಾಗಿ ಹೇಳಲ್ಲ ಅಮ್ಮ," ಎಂದಳು ಕೆಮಿಸ್ಟ್.

ಹನ್ನೊಂದನೆಯ ಹೆಸರು ಮಗಳದು. ಅದರ ಮುಂದೆ ತಕ್ಕಡಿಯಮ್ಮನದೇ ದುಂಡು ಅಕ್ಷರ: 'ಇಲ್ಲದ್ದನ್ನು ಇದೆ ಎನ್ನುತ್ತಾಳೆ. ಹಟಮಾರಿ.'

ಒಬ್ಬೊಬ್ಬರನ್ನೇ ಸೋಸಿ ಸೋಸಿ ತನ್ನಂಥ ನಾಲ್ವರನ್ನು ಆರಿಸಿ ಕೂರಿಸಿಕೊಂಡು, ಆಮೇಲೆ ಅವರನ್ನೇ ಕೇಳಿ, ನಾಲ್ವರೂ ಹೌದೆಂದಾಗ ಸಮಾಧಾನಪಟ್ಟುಕೊಂಡಿದ್ದಳು. ತಮ್ಮ ಮೂಗಿನ ನೇರಕ್ಕೆ ಮಾತಾಡುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಆದರೂ ಅರ್ಥವಾಗಲಿಲ್ಲ. ಮೂಗು ಅವಳದು, ಹುಳಿ ನಿಜವಾಗಿ ಬರುತ್ತಿತ್ತು. ಬಂದ ವಾಸನೆ ಸುಳ್ಳಾಗುವುದು ಹೇಗೆ?

ಆ ಸಂಜೆ ಎರಡು ಪಟ್ಟಿಗಳನ್ನು ಬೇರೆಬೇರೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಒಂದು ತಾಯಿಬಾಟಲಿಯದು, ಇನ್ನೊಂದು ಕೆಮಿಸ್ಟ್ ಹಳೆಯ ಕಾಗದದಂತೆ ಬೆರೆಸಿದ್ದು. ದಾರಿಯಲ್ಲೇ ಎರಡು ಸಲ ನಿಂತು ಮೂಸಿದ್ದಳು. ತಾಯಿಬಾಟಲಿಯದರಲ್ಲಿ ಹುಳಿಯ ಅಂಚಿತ್ತು, ಸರಿಯಾಗಿತ್ತು. ಹಳೆಯ ಸೂತ್ರದ್ದು ಸಪ್ಪೆ.

ಗಂಡ ಮೂವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತನಾದವನು. ಹೆಂಡತಿ ಕಾರ್ಖಾನೆಯಿಂದ ಪುಕ್ಕಟೆ ತರುವ ಸೋಪು ಬಿಟ್ಟು ಅಂಗಡಿಯಿಂದ ಬೇರೆ ಕಂಪನಿಯ ಹಸಿರು ಬಟ್ಟೆಸೋಪು ತಂದು ಮೈಗೆ ಹಚ್ಚುವವನು. ಅದು ಹದಿನೈದು ವರ್ಷದ ಜಗಳ.

"ರೀ, ಇದನ್ನ ಮೂಸಿ."

"ನನ್ನನ್ನಾ ಕೇಳ್ತಿರೋದು?" ಅವನು ಹಿಂದೆ ತಿರುಗಿ ನೋಡಿದ. "ಮೈ ಹುಷಾರಿದೆಯಾ?"

"ಮೂಸ್ರೀ ಸುಮ್ನೆ."

ಮೊದಲ ಪಟ್ಟಿ ಮೂಗಿಗೆ ಇನ್ನೂ ಒಂದು ಗೇಣು ದೂರವಿರುವಾಗಲೇ ಅವನು ಮುಖ ತಿರುಗಿಸಿದ. "ಇದು ನಿನ್ನ ಸೋಪು. ಹೂವಿನಂಗಡಿಗೆ ಲಾರಿ ನುಗ್ಗಿದಂಗೆ." ಎರಡನೆಯದನ್ನು ಮೂಸಿದ. ಮತ್ತೆ ಮೂಸಿದ. "ಇದನ್ನ ಎಲ್ಲಿ ಹುಡುಕಿದೆ? ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತರ್ತಿದ್ದ ಸೋಪು ಇದು. ಇದನ್ನ ಯಾಕೆ ನಿಲ್ಲಿಸಿದ್ರು?"

"ನಿಲ್ಲಿಸಿಲ್ಲ. ಇದೂ ಅದೂ ಒಂದೇ ಸೋಪು."

"ಹಾಗಂತ ನೀನು ಹೇಳ್ತಾನೇ ಇದ್ದೀಯ."

"ನೀವು ಯಾವತ್ತಾದ್ರೂ ನನಗೆ ಸರಿಯಾಗಿ ಹೇಳಿದ್ರಾ? ಸೋಪು ಬದಲಾಗಿದೆ ಅಂತ?"

"ಪ್ರತಿ ವರ್ಷ ಹೇಳಿದೀನಿ ಮಾರಾಯ್ತಿ. ತಲೆನೋವು ಬರುತ್ತೆ ಅಂದೆ. ಬೆಂಕಿ ಹೊಗೆ ಕುಡಿದು ಸುಟ್ಟುಹೋದ ಮೂಗು ನಿಮ್ಮದು, ಸುಮ್ಮನಿರಿ ಅಂದೆ ನೀನು. ಸುಮ್ಮನಾದೆ. ಹಿತ್ತಲ ಗಿಡ ಮದ್ದಲ್ಲವಲ್ಲ."

"ಸುಟ್ಟಿರೋದು ನಿಜ ತಾನೇ?"

"ಸುಟ್ಟಿದ್ರೂ ಇದೆಯಲ್ಲ."

ಮಗಳಿಗೆ ಸರಿಯಾದ ಮಣಿ ಎಲ್ಲಿಂದ ಬಂತೆಂದು ಅವಳು ಮಧ್ಯಾಹ್ನವೇ ಕೆಮಿಸ್ಟನ್ನು ಕೇಳಿದ್ದಳು. ಪ್ರತಿಯೊಬ್ಬರಲ್ಲೂ ಚೀಟಿ ಎರಡು ಪ್ರತಿ ಇರುತ್ತದೆ, ಒಂದು ಅಮ್ಮನದು, ಒಂದು ಅಪ್ಪನದು. ಎರಡರಲ್ಲಿ ಒಂದು ಸರಿ ಇದ್ದರೂ ಹೂವು ತಿಳಿಯುತ್ತದೆ. ನಿಮ್ಮ ಎರಡೂ ಹಾಗಲ್ಲ, ಆದ್ದರಿಂದ ಮಗಳಿಗೆ ಅಪ್ಪನಿಂದಲೇ ಬಂದಿರಬೇಕು ಎಂದಿದ್ದಳು ಆಕೆ. ಮಗಳ ಮೂಗು ತನ್ನದೇ ಅಚ್ಚು ಎಂದು ನಂಟರೆಲ್ಲ ಹೇಳುತ್ತಿದ್ದರು. ಹೊರಗಿನ ಅಚ್ಚಷ್ಟೇ ಇರಬೇಕು.

ಗುರುವಾರ ಅರ್ಧ ದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋದಳು. ಮೂರನೆಯ ಕಿಟಕಿ. ಮುಂದೆ ಎಂಟು ಜನ. ಮಗಳ ಕಿಟಕಿಯೆಂದು ಮುಂದೆ ನುಗ್ಗುವುದು ನ್ಯಾಯವಲ್ಲವೆಂದು ಸಾಲಿನಲ್ಲೇ ನಿಂತಳು. ಸರದಿ ಬಂತು.

"ಎಲ್ಲಿಗೆ?" ಎಂದ ಮಗಳು ತಲೆಯೆತ್ತಿ, "ಅಮ್ಮಾ? ಅಪ್ಪನಿಗೆ ಏನಾಯ್ತು?"

"ಏನೂ ಆಗಿಲ್ಲ. ಇದೊಂದು ಮೂಸಿ ಹೇಳು." ಗಾಜಿನ ಕೆಳಗಿನ ಸಂದಿಯಿಂದ ಎರಡು ಪಟ್ಟಿ ತಳ್ಳಿದಳು.

ಮಗಳು ಪಟ್ಟಿ ನೋಡಿದಳು, ತಾಯಿಯನ್ನು ನೋಡಿದಳು, ತಾಯಿಯ ಹಿಂದಿನ ಸಾಲನ್ನು ನೋಡಿದಳು. "ಏಳು ವರ್ಷ ಆದಮೇಲೆ ಸಪ್ಲಿಮೆಂಟರಿ ಪರೀಕ್ಷೆನಾ?"

"ಲೇ, ಮೂಸೇ."

ಮೂಸಿದಳು. ಒಂದೊಂದು ಸಲ, ಅಷ್ಟೆ. "ಇದರಲ್ಲಿ ಹೂವು ಸುರಿದಿದಾರೆ. ಇದರಲ್ಲಿ ಇಲ್ಲ, ಹದವಾಗಿದೆ. ಇದನ್ನೇ ಅವತ್ತೂ ಹೇಳಿದ್ದು."

"ಅವತ್ತು ಕಾಗದದಲ್ಲಿ ನೀನು ಪಟ್ಟಿ ನಂಬರ್ ಬರೆದೆ, ಹೂವು ಅಂತ ಬರೀಲಿಲ್ಲ."

"ಬರೆಯೋಕೆ ಜಾಗ ಇರಲಿಲ್ಲ ಅಮ್ಮ. ಮನೆಗೆ ಬಂದು ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದೆ ನೀನು. ಅಪ್ಪನೂ ಇದ್ರು."

ತಕ್ಕಡಿಯಮ್ಮ ಗಾಜಿನ ಆಚೆಗಿನ ಮುಖಕ್ಕೆ ಮಣಿ, ಚೀಟಿ, ನೂರ ಎಂಬತ್ತಮೂರು ಎಂದು ಏನೇನೋ ಹೇಳಿದಳು. ಹಿಂದು ಮುಂದಾಗಿ ಹೇಳಿದಳು. ಹಿಂದೆ ನಿಂತವನೊಬ್ಬ, "ಅಜ್ಜಿ, ಯಾವ ಬಸ್ಸು ಅಂತ ಮೊದಲು ತೀರ್ಮಾನ ಮಾಡಿ," ಎಂದ.

ಮಗಳು ಪೂರ್ತಿ ಕೇಳಿಸಿಕೊಂಡಳು. ಮುಖದಲ್ಲಿ ಗೆದ್ದ ಕಳೆಯೇನೂ ಬರಲಿಲ್ಲ. "ಸರಿ. ಈಗೇನು? ಕೆಲಸ ಕೊಡ್ತೀಯಾ?"

"ಬರ್ತೀಯಾ?"

"ಬರಲ್ಲ. ಎಣ್ಣೆ ಹಚ್ಚಬೇಡ, ಈರುಳ್ಳಿ ತಿನ್ನಬೇಡ, ಯಾರಿಗೆ ಬೇಕು." ಅವಳು ಎರಡೂ ಪಟ್ಟಿಗಳನ್ನು ಹೊರಗೆ ತಳ್ಳಿದಳು. "ರಿಜಿಸ್ಟರಲ್ಲಿ ನನ್ನ ಹೆಸರಿನ ಮುಂದೆ ಏನೋ ಬರೆದಿದೀಯಲ್ಲ, ಅದನ್ನ ತೆಗಿ. ನಿನ್ನ ಕೈಯಾರೆ. ಅಷ್ಟು ಸಾಕು ನನಗೆ. ಆಗದಿದ್ರೆ ಇಲ್ಲಿಗೆ ಬಂದು ಇದನ್ನೆಲ್ಲ ಹೇಳೋದು ಬೇಡ."

"ನಿನಗೆ ಅದು ಹೇಗೆ ಗೊತ್ತು? ರಿಜಿಸ್ಟರು ಬೀರುವಿನಲ್ಲಿರುತ್ತೆ."

"ಸೀನಣ್ಣನ ಬಾಯಲ್ಲಿ ಏನಾದ್ರೂ ನಿಲ್ಲುತ್ತಾ? ಜರುಗು ಅಮ್ಮ, ಹಿಂದೆ ಜನ ಇದಾರೆ."

ತೆಗೆಯುವುದೇನೂ ಕಷ್ಟವಲ್ಲ, ಒಂದು ಗೆರೆ ಎಳೆದರೆ ಆಯಿತು. ಆದರೆ ಗೆರೆ ಎಳೆದರೆ ಹನ್ನೊಂದಕ್ಕೂ ಎಳೆಯಬೇಕು. ಹನ್ನೊಂದಕ್ಕೂ ಎಳೆದರೆ ಇಪ್ಪತ್ತೆರಡು ವರ್ಷದ ಮುದ್ರೆಗಳಿಗೆಲ್ಲ ಎಳೆದಂತೆ. ಕಂಡವರ ಮಾತು ಕೇಳಿ, ತನ್ನ ಮೂಗಿಗೆ ತಿಳಿಯದ್ದನ್ನು ಇದೆಯೆಂದು ಒಪ್ಪುವುದು ಹೇಗೆ ಎಂಬುದೂ ಒಂದು ಪ್ರಶ್ನೆ. ಇಲ್ಲದ್ದನ್ನು ಇದೆ ಎನ್ನಬಾರದು ಎಂದೇ ಅವಳು ಹನ್ನೊಂದು ಜನರನ್ನು ಹೊರಗೆ ಕಳಿಸಿದ್ದು.

ಶುಕ್ರವಾರವಿಡೀ ಅವಳು ಸಿಕ್ಕಿದ್ದನ್ನೆಲ್ಲ ಮೂಸಿದಳು. ಚಹಾ, ರಬ್ಬರ್ ಚಪ್ಪಲಿ, ಗಂಡನ ಅಂಗಿ, ತನ್ನದೇ ಮೊಣಕೈ. ಎಲ್ಲದಕ್ಕೂ ಅದರದೇ ವಾಸನೆ ಇತ್ತು. ಇನ್ನು ಯಾವುದನ್ನೂ ನಂಬುವಂತಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಮೇಜಿನ ಮೇಲೆ ಹೊಸ ತಾಯಿಬಾಟಲಿ, ಅರಗು, ಮೇಣದ ಬತ್ತಿ ಎಲ್ಲ ಸಿದ್ಧವಿತ್ತು. ಮ್ಯಾನೇಜರು ಹನ್ನೊಂದಕ್ಕೆ ಬರುವವನು. ಅವನು ಹಿಂದಿನ ದಿನವೇ ತನ್ನ ತೀರ್ಪು ಹೇಳಿಬಿಟ್ಟಿದ್ದ: ಕೆಲವರು ತಲೆನೋವು ಎಂದು ಕಾಗದ ಬರೆಯುತ್ತಾರೆ, ಮಿಕ್ಕವರು ಕೊಳ್ಳುತ್ತಾರೆ, ಇದ್ದಂತೆ ಮುದ್ರೆ ಹಾಕಿ, ಮಣಿ ಗಿಣಿ ಎಲ್ಲ ಆಮೇಲೆ.

ತಕ್ಕಡಿಯಮ್ಮ ಕೆಮಿಸ್ಟನ್ನು ಕರೆದಳು. "ನನ್ನನ್ನ ಪರೀಕ್ಷೆಗೆ ಕೂರಿಸು."

"ಅಮ್ಮ, ಅದೆಲ್ಲ ಯಾಕೆ, ಕಾಗದ ಬಂದಿದೆಯಲ್ಲ..."

"ಕಾಗದ ನನ್ನ ಕೆನ್ನೆ ನೋಡಿದೆ. ಮೂಗು ನೋಡಿಲ್ಲ. ಬಲೆ ಸುತ್ತು. ಒಂಬತ್ತಕ್ಕೆ ಒಂಬತ್ತೂ ಬಲೆಯದೇ ಹಾಕು. ಎರಡು ತಾಯಿಬಾಟಲಿ, ಒಂದು ನಾನು ಪಾಸು ಮಾಡಿದ ಮಾಲು. ಎಲ್ಲಿ ಯಾವುದು ಅಂತ ನಿನಗೆ ಮಾತ್ರ ಗೊತ್ತಿರಲಿ. 'ಮೂರೂ ಒಂದೇ' ಅನ್ನೋ ಉತ್ತರ ಇವತ್ತು ಬೇಡ, ಮಾಲಿನ ಪಟ್ಟಿನ ಹುಡುಕಬೇಕು. ಏಳು ಸರಿ ಬಂದ್ರೆ ಪಾಸು. ನಿಯಮ ಅದು."

ಕೊನೆಯ ಕುರ್ಚಿಯಲ್ಲಿ ಕೂತಳು, ಪರೀಕ್ಷೆಗೆ ಬಂದವರು ಕೂರುವ ಕುರ್ಚಿ. ಅದರ ಒಂದು ಕಾಲು ಗಿಡ್ಡ, ಅಲ್ಲಾಡುತ್ತಿತ್ತು. ಇಷ್ಟು ವರ್ಷ ಯಾರೂ ಅದನ್ನು ಅವಳಿಗೆ ಹೇಳಿರಲಿಲ್ಲ.

ಒಂದನೆಯ ಸುತ್ತು. ಮೂರೂ ಒಂದೇ. ಒಂದನ್ನು ಆರಿಸಲೇಬೇಕಿತ್ತು, ಆರಿಸಿದಳು. ಎರಡನೆಯದೂ ಹಾಗೆಯೇ. ನಾಲ್ಕನೆಯದರಲ್ಲಿ ಮಧ್ಯದ ಪಟ್ಟಿ ಕೂಗಿ ಕರೆದಂತಾಯಿತು; ಇದೇ, ಸಂಶಯವೇ ಇಲ್ಲ ಎಂದು ಒತ್ತಿ ಬರೆದಳು. ಆರನೆಯದರಲ್ಲಿ ಬೆವರಿದಳು. ಏಳರ ಹೊತ್ತಿಗೆ ಮೂಗಿನಲ್ಲಿ ಏನೂ ಉಳಿದಿರಲಿಲ್ಲ, ಬರೀ ಕಾಗದ. ಪ್ಲೈವುಡ್ಡಿನ ಆಚೆ ಸೀನಣ್ಣ ಸೀನನ್ನು ಬಿಗಿಹಿಡಿದು ಕೂತಿದ್ದ.

ಕೆಮಿಸ್ಟ್ ತಾಳೆ ನೋಡಿದಳು. "ಮೂರು ಸರಿ."

"ಒಂಬತ್ತರಲ್ಲಿ?"

"ಒಂಬತ್ತರಲ್ಲಿ. ಕಣ್ಣು ಮುಚ್ಚಿ ಎತ್ತಿದ್ರೂ ಮೂರು ಬರುತ್ತೆ ಅಮ್ಮ."

"ನಾಲ್ಕನೇದು?"

ಕೆಮಿಸ್ಟ್ ಮತ್ತೊಮ್ಮೆ ನೋಡಿ ತಲೆಯಾಡಿಸಿದಳು. "ತಪ್ಪು."

ಕಾಗದ ಬಂದಾಗ ನಾಟದ್ದು ಈಗ ನಾಟಿತು. ಮಗಳು ಮೂರರಲ್ಲಿ ಮೂರೂ ಸರಿಯಾಗಿ ಎತ್ತಿದ್ದಳು, ಇದೇ ಅಲ್ಲಾಡುವ ಕುರ್ಚಿಯಲ್ಲಿ.

ತಕ್ಕಡಿಯಮ್ಮ ರಿಜಿಸ್ಟರು ತರಿಸಿದಳು. ಸ್ಕೇಲು ಇಟ್ಟು ಹನ್ನೊಂದು ಗೆರೆ ಎಳೆದಳು. ಹನ್ನೊಂದನೆಯದರ ಪಕ್ಕ 'ಇದ್ದದ್ದನ್ನೇ ಹೇಳಿದಳು' ಎಂದು ಬರೆದು, ಸ್ವಲ್ಪ ಯೋಚಿಸಿ, 'ಹಟಮಾರಿ' ಎಂಬುದನ್ನು ಹಾಗೆಯೇ ಬಿಟ್ಟಳು, ಅದು ನಿಜ. ಕೊನೆಯ ಸಾಲಿನಲ್ಲಿ ಹನ್ನೆರಡನೆಯವಳಾಗಿ ತನ್ನ ಹೆಸರು ಬರೆದಳು. ಒಂಬತ್ತರಲ್ಲಿ ಮೂರು. ಫೇಲ್. ಕೆಳಗೆ ಪರೀಕ್ಷಕರ ಸಹಿಯ ಜಾಗದಲ್ಲಿ ತಾನೇ ಸಹಿ ಹಾಕಿದಳು. ಇದು ಸರಿಯೋ ತಪ್ಪೋ ಗೊತ್ತಾಗಲಿಲ್ಲ, ನಿಯಮದಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ.

ಮ್ಯಾನೇಜರು ಬಂದ. ಅರಗು ಕರಗಿ ಕಾಯುತ್ತಿತ್ತು.

"ಏನಮ್ಮ, ಇನ್ನೂ ಮುದ್ರೆ ಬಿದ್ದಿಲ್ಲ?"

"ಫೇಲಾದವರು ಮುದ್ರೆ ಹಾಕೋ ಹಾಗಿಲ್ಲ ಸರ್."

"ಯಾರಮ್ಮ ಮಾಡಿದ್ದು ಈ ನಿಯಮ?"

"ನಾನೇ."

"ಹಾಗಾದ್ರೆ ಯಾರು ಹಾಕ್ತಾರೆ? ಈ ಕೋಣೇಲಿ ಇನ್ಯಾರಿದ್ದಾರೆ?"

ಅವಳು ರಿಜಿಸ್ಟರನ್ನು ಅವನ ಕಡೆ ತಿರುಗಿಸಿದಳು. "ಹನ್ನೊಂದು ಜನ ಇದ್ದಾರೆ. ವಿಳಾಸ ಪಕ್ಕದಲ್ಲೇ ಇದೆ. ಕೊನೆಯವಳು ಬರಲ್ಲ, ಉಳಿದ ಹತ್ತು ಜನರನ್ನ ಕೇಳಿ."

ಮ್ಯಾನೇಜರು ಪುಟ ನೋಡಿದ, ಕೆಮಿಸ್ಟನ್ನು ನೋಡಿದ, ಫೋನು ತೆಗೆದುಕೊಂಡು ಕಾರಿಡಾರಿಗೆ ಹೋದ. ಸೀನಣ್ಣ ಕೊನೆಗೂ ಸೀನಿದ.

ತಕ್ಕಡಿಯಮ್ಮ ಬಿಳಿ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಹೋಗುವಾಗ ಮೇಜಿನ ಬಳಿ ನಿಂತು, ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು, ಮುದ್ರೆಯಿಲ್ಲದ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಪಕ್ಕದ ಕೋಣೆಯಲ್ಲಿ ಯಾರೋ ವಿನಿಗರ್ ತೆರೆದಿಟ್ಟಂತೆ ಸಣ್ಣ ಹುಳಿ. ಎಷ್ಟಿರಬೇಕೋ ಅಷ್ಟೇ ಇತ್ತು. ಎಲ್ಲೂ ಹೂವಿರಲಿಲ್ಲ.